ಸೀರೆ ಕ್ಯಾಟಲಾಗ್ ಕೆಲಸಕ್ಕೆ ಬಣ್ಣವನ್ನು ಸರಿಯಾಗಿ ತೋರಿಸುವ ಮಾನಿಟರ್ ಯಾವುದು, ಅದನ್ನು ಹೊಂದಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಕೆಂಪುಸೆರಗು, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಸ್ವತಂತ್ರವಾಗಿ ಗ್ರಾಫಿಕ್ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಮುಖ್ಯವಾಗಿ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ ಮಾರುವ ಅಂಗಡಿಗಳಿಗೆ ಕ್ಯಾಟಲಾಗ್, ಕ್ಯಾಲೆಂಡರ್ ಹಾಗೂ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಚಿತ್ರಗಳನ್ನು ಸಿದ್ಧಪಡಿಸಿಕೊಡುತ್ತೇನೆ. ಇದುವರೆಗೂ ಲ್ಯಾಪ್‌ಟಾಪಿನ ಪರದೆಯಲ್ಲೇ ಎಲ್ಲವನ್ನೂ ನಿಭಾಯಿಸಿದ್ದೇನೆ. ಆದರೆ ಪರದೆಯಲ್ಲಿ ಒಪ್ಪಿಗೆಯಾದ ಬಣ್ಣ ಆಫ್‌ಸೆಟ್ ಮುದ್ರಣದಲ್ಲಿ ಪ್ರತಿ ಸಲವೂ ಮಂಕಾಗಿ, ಕಪ್ಪಿಗೆ ತಿರುಗಿದಂತೆ ಬರುತ್ತಿದೆ. ನವಿಲುಬಣ್ಣದ ಒಡಲು ಬರೀ ನೀಲಿಯಾಗಿ ಕಾಣುತ್ತದೆ. ಸೆರಗಿನ ಕೆಂಪಿನಲ್ಲಂತೂ ನೂಲಿನ ಎಳೆ ಒಂದೂ ಕಾಣದೆ ಬಣ್ಣ ಬಳಿದ ಹಾಗಿರುತ್ತದೆ. ಅಂಗಡಿಯ ಯಜಮಾನರು ಸೀರೆಯನ್ನು ಕ್ಯಾಟಲಾಗಿನ ಪಕ್ಕದಲ್ಲಿ ಹರವಿ "ಇದು ನಮ್ಮ ಸೀರಿ ಅಲ್ರೀ" ಎನ್ನುತ್ತಾರೆ.

ಹೊಸ ಮಾನಿಟರ್ ಕೊಳ್ಳಬೇಕೆಂದಿದ್ದೇನೆ. 30ರಿಂದ 35 ಸಾವಿರ ರೂಪಾಯಿಯವರೆಗೆ ಹಾಕಬಲ್ಲೆ. ಸಾಮಾನ್ಯ ಪರದೆಗಳ ಬಣ್ಣದ ವ್ಯಾಪ್ತಿಯಾದ ಎಸ್‌ಆರ್‌ಜಿಬಿಯನ್ನು ಪೂರ್ತಿ ತೋರಿಸುವ ಮಾನಿಟರ್ ಸಾಕೇ, ಅಥವಾ ಅದಕ್ಕಿಂತ ವಿಸ್ತಾರವಾದ ಅಡೋಬಿ ಆರ್‌ಜಿಬಿ ತೋರಿಸುವಂಥದ್ದೇ ಬೇಕೇ? 4ಕೆ ಅಗತ್ಯವೇ? ಕಾರ್ಖಾನೆಯಲ್ಲೇ ಕ್ಯಾಲಿಬ್ರೇಟ್ ಮಾಡಿದ್ದೇವೆಂದು (ಬಣ್ಣವನ್ನು ಅಳೆದು ಸರಿಹೊಂದಿಸಿದ್ದೇವೆಂದು) ಪ್ರಮಾಣಪತ್ರ ಇಟ್ಟು ಕೊಡುವವುಗಳಿಗೆ ಮತ್ತೆ ಅಳತೆಯ ಸಾಧನ ಬೇಕಾಗುತ್ತದೆಯೇ? ನನ್ನ ಕೋಣೆಗೆ ಪಶ್ಚಿಮದ ಕಡೆ ದೊಡ್ಡ ಕಿಟಕಿಯಿದೆ, ಗೋಡೆ ತಿಳಿ ಹಳದಿ, ಮೇಲೆ ಒಂದು ಎಲ್‌ಇಡಿ ಟ್ಯೂಬ್‌ಲೈಟ್ ಇದೆ. ಅದೂ ಲೆಕ್ಕಕ್ಕೆ ಬರುತ್ತದೆಯೆಂದು ಕೇಳಿದ್ದರಿಂದ ತಿಳಿಸುತ್ತಿದ್ದೇನೆ.

ಉತ್ತರ: ಅಚ್ಚುಮನೆ, ಬೆಂಗಳೂರು

ನಾನು ಪ್ರೆಸ್ ಒಂದರ ಪ್ರಿಪ್ರೆಸ್ ವಿಭಾಗದಲ್ಲಿ, ಅಂದರೆ ಪ್ಲೇಟ್ ಮಾಡುವ ಮುಂಚಿನ ಕೆಲಸದಲ್ಲಿ ಇರುವವನು. ನಿಮ್ಮಂಥ ದೂರು ವಾರವಾರವೂ ನಮ್ಮ ಮೇಜಿಗೆ ಬರುತ್ತದೆ. ಮಾನಿಟರ್ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು. "ಮುದ್ರಣ ಮಂಕಾಗಿ ಬಂತು" ಎಂಬ ದೂರಿನಲ್ಲಿ ಹೆಚ್ಚಿನ ಪಾಲು ಬಣ್ಣದ ತಪ್ಪಿನದಲ್ಲ, ಹೊಳಪಿನದು. ಮಾನಿಟರುಗಳು ಕಾರ್ಖಾನೆಯಿಂದ ಬರುವಾಗ 250 ನಿಟ್ಸ್ (ನಿಟ್ಸ್ ಎಂದರೆ ಪರದೆಯ ಹೊಳಪಿನ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಹೊಳಪಿನಲ್ಲಿ ಉರಿಯುತ್ತಿರುತ್ತವೆ. ಕಾಗದ ತಾನಾಗಿ ಬೆಳಗುವುದಿಲ್ಲ, ಕೋಣೆಯ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಮುದ್ರಣಕ್ಕೆ ಹೋಗುವ ಕೆಲಸಕ್ಕೆ ಪರದೆಯ ಹೊಳಪು 80ರಿಂದ 120 ನಿಟ್ಸ್ ನಡುವೆ ಇರಬೇಕು. ಅದರ ಎರಡು ಮೂರು ಪಟ್ಟು ಹೊಳಪಿನಲ್ಲಿ ಕುಳಿತು ಚಿತ್ರವನ್ನು ತಿದ್ದಿದರೆ, ಕಣ್ಣಿಗೆ ಹಿತವಾಗುವಷ್ಟು ನೆರಳನ್ನು ನೀವೇ ತುಂಬಿರುತ್ತೀರಿ, ಅದು ಕಾಗದದ ಮೇಲೆ ಕಪ್ಪಾಗಿಯೇ ಬರುತ್ತದೆ.

ಇದನ್ನು ಇವತ್ತೇ, ಯಾವ ಸಾಧನವೂ ಇಲ್ಲದೆ ಪರೀಕ್ಷಿಸಬಹುದು. ಪರದೆಯ ಮೇಲೆ ಖಾಲಿ ಬಿಳಿಯ ಪುಟವೊಂದನ್ನು ತೆರೆಯಿರಿ. ಕ್ಯಾಟಲಾಗಿಗೆ ಬಳಸುವ ಆರ್ಟ್ ಪೇಪರಿನ ಒಂದು ಖಾಲಿ ಹಾಳೆಯನ್ನು ಪರದೆಯ ಪಕ್ಕದಲ್ಲಿ, ನೀವು ಮುದ್ರಣವನ್ನು ನೋಡುವ ದೀಪದ ಕೆಳಗೆ ಹಿಡಿಯಿರಿ. ಎರಡೂ ಬಿಳುಪು ಒಂದೇ ಪ್ರಖರತೆಗೆ ಬರುವ ತನಕ ಪರದೆಯ ಹೊಳಪನ್ನು ಇಳಿಸುತ್ತ ಹೋಗಿ. ಮೊದಲ ದಿನ ಪರದೆ ಸತ್ತಂತೆ ಅನಿಸುತ್ತದೆ. ಎರಡು ದಿನದಲ್ಲಿ ಕಣ್ಣು ಒಗ್ಗುತ್ತದೆ.

ಇನ್ನು ಆಯ್ಕೆಯ ವಿಷಯ. ನಿಮ್ಮ ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ "45 ಶೇಕಡಾ ಎನ್‌ಟಿಎಸ್‌ಸಿ" ಎಂದು ಬರೆದಿದೆಯೇ ನೋಡಿ. ಎನ್‌ಟಿಎಸ್‌ಸಿ ಎಂಬುದು ಹಳೆಯ ಟಿವಿಯ ಬಣ್ಣದ ವ್ಯಾಪ್ತಿ, ಅದರ ಲೆಕ್ಕದಲ್ಲಿ ಪರದೆಯ ವ್ಯಾಪ್ತಿಯನ್ನು ಹೇಳುತ್ತಾರೆ. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಬಹುತೇಕ ಇದೇ ಇರುತ್ತದೆ. ಹಾಗೆಂದರೆ ಆ ಪರದೆ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ ಬಣ್ಣಗಳನ್ನು ತೋರಿಸುತ್ತದೆ. ಅಂಥ ಪರದೆಯಲ್ಲಿ ಸೀರೆಯ ಕೆಂಪು ಕಿತ್ತಳೆಯ ಕಡೆಗೆ ವಾಲುತ್ತದೆ. ಅದನ್ನು ಸರಿಪಡಿಸಲು ನೀವು ಚಿತ್ರದಲ್ಲಿ ಕೆಂಪನ್ನು ಏರಿಸುತ್ತೀರಿ, ಎಳೆಗಳು ಅಲ್ಲಿಯೇ ಮುಚ್ಚಿಹೋಗುತ್ತವೆ. "72 ಶೇಕಡಾ ಎನ್‌ಟಿಎಸ್‌ಸಿ" ಎಂದಿದ್ದರೆ ಅದು ವಿಸ್ತಾರದಲ್ಲಿ ಸುಮಾರಾಗಿ ಪೂರ್ಣ ಎಸ್‌ಆರ್‌ಜಿಬಿಗೆ ಸಮ.

ಪ್ಯಾನೆಲ್, ಅಂದರೆ ಪರದೆಯ ಹಲಗೆ, ಐಪಿಎಸ್ ಬಗೆಯದಾಗಿರಲಿ. ಟಿಎನ್ ಪ್ಯಾನೆಲಿನಲ್ಲಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೂ ಬಣ್ಣ ಬದಲಾಗುತ್ತದೆ. ವಿಎ ಪ್ಯಾನೆಲಿನ ಕಪ್ಪು ಆಳವಾಗಿದ್ದರೂ ಓರೆಯಾಗಿ ನೋಡಿದಾಗ ಗಾಢ ಛಾಯೆಗಳು ಬೇರೆಯೇ ಆಗುತ್ತವೆ. 27 ಇಂಚಿನಲ್ಲಿ 2560 ಗುಣಿಸು 1440 ಪಿಕ್ಸೆಲ್ ಇದ್ದರೆ ಇಂಚಿಗೆ ಸುಮಾರು 109 ಪಿಕ್ಸೆಲ್ ಸಿಗುತ್ತದೆ, ಕ್ಯಾಟಲಾಗ್ ಪುಟವಿನ್ಯಾಸಕ್ಕೆ ಅದು ಧಾರಾಳವಾಯಿತು. 4ಕೆ ಬಂದರೆ ಅಕ್ಷರ ಚೂಪಾಗಿ ಕಾಣುತ್ತದೆ, ನಿಜ. ಆದರೆ ಪಿಕ್ಸೆಲ್ ಹೆಚ್ಚಾದ ಮಾತ್ರಕ್ಕೆ ಬಣ್ಣ ನಿಖರವಾಗುವುದಿಲ್ಲ. ನಿಮ್ಮ ಮಿತಿಯಲ್ಲಿ ಆಸುಸ್ ಪ್ರೋಆರ್ಟ್ ಪಿಎ278ಕ್ಯೂವಿ, ಬೆನ್‌ಕ್ಯೂ ಪಿಡಿ2705ಕ್ಯೂ ಇಂಥವುಗಳನ್ನು ನೋಡಬಹುದು. ಎರಡೂ 27 ಇಂಚಿನ ಐಪಿಎಸ್, ಎರಡೂ ಪೂರ್ಣ ಎಸ್‌ಆರ್‌ಜಿಬಿಯವು. ಬೆಲೆ ಹಬ್ಬದ ಮಾರಾಟದಲ್ಲಿ ಒಂದು, ಉಳಿದ ದಿನ ಒಂದು ಇರುತ್ತದೆ, ಹಾಗಾಗಿ ನೀವೇ ವಿಚಾರಿಸಿಕೊಳ್ಳಿ.

ಪ್ರಮಾಣಪತ್ರದ ಬಗ್ಗೆ ಕೇಳಿದ್ದೀರಿ. ಪೆಟ್ಟಿಗೆಯಲ್ಲಿ ಬರುವ ಆ ಹಾಳೆ ಸುಳ್ಳಲ್ಲ. ಆದರೆ ಅದರಲ್ಲಿರುವ "ಡೆಲ್ಟಾ ಇ 2ಕ್ಕಿಂತ ಕಡಿಮೆ" ಎಂಬುದು ಸಾಮಾನ್ಯವಾಗಿ ಸರಾಸರಿಯ ಲೆಕ್ಕ, ಅದೂ ಒಂದು ನಿರ್ದಿಷ್ಟ ಮೋಡ್‌ನಲ್ಲಿ ಮಾಡಿದ ಅಳತೆ. ಡೆಲ್ಟಾ ಇ ಎಂದರೆ ಇರಬೇಕಾದ ಬಣ್ಣಕ್ಕೂ ಕಾಣುತ್ತಿರುವ ಬಣ್ಣಕ್ಕೂ ನಡುವಿನ ಅಂತರ. ಅದು 1ರ ಆಸುಪಾಸಿನಲ್ಲಿದ್ದರೆ ಪಳಗಿದ ಕಣ್ಣಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ನೀವು ಮೋಡ್ ಬದಲಿಸಿದ ಕ್ಷಣ ಆ ಹಾಳೆಗೆ ಬೆಲೆಯಿಲ್ಲ. ಹಿಂಬದಿಯ ಎಲ್‌ಇಡಿ ದೀಪವೂ ವರ್ಷಗಳು ಕಳೆದಂತೆ ಮಸುಕಾಗುತ್ತದೆ, ಬಿಳುಪು ಮೆಲ್ಲಗೆ ಸರಿಯುತ್ತದೆ. ಹಾಗಾಗಿ ನನ್ನ ಸಲಹೆ ಸ್ಪಷ್ಟ: ಪೂರ್ತಿ ಹಣವನ್ನು ಮಾನಿಟರಿಗೇ ಸುರಿಯದೆ, ಸಾಧಾರಣ ಬೆಲೆಯ ಎಸ್‌ಆರ್‌ಜಿಬಿ ಮಾನಿಟರ್ ಕೊಂಡು, ಉಳಿದ ಹಣವನ್ನು ಕ್ಯಾಲಿಬ್ರೇಷನ್ ಸಾಧನಕ್ಕೆ ಇಡಿ. ಕ್ಯಾಲಿಬ್ರೈಟ್ ಅಥವಾ ಡೇಟಾಕಲರ್ ಸ್ಪೈಡರ್‌ಗಳ ಪೈಕಿ ಯಾವುದಾದರೂ ಆದೀತು. ಒಂದೇ ಊರಿನ ಮೂರು ನಾಲ್ಕು ವಿನ್ಯಾಸಕರು ಸೇರಿ ಒಂದು ಕೊಂಡರೂ ನಡೆಯುತ್ತದೆ, ತಿಂಗಳಿಗೆ ಒಮ್ಮೆ ಅರ್ಧ ಗಂಟೆಯ ಕೆಲಸಕ್ಕೆ ಪ್ರತಿಯೊಬ್ಬರಿಗೂ ಒಂದೊಂದು ಬೇಕಿಲ್ಲ.

ಉತ್ತರ: ಬೆಳಕಿಂಡಿ, ಮೈಸೂರು

ಅಚ್ಚುಮನೆಯವರ ಹೊಳಪಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ "ಎಸ್‌ಆರ್‌ಜಿಬಿ ಸಾಕು" ಎಂಬುದನ್ನು ಸೀರೆಯ ಕೆಲಸಕ್ಕೆ ಅಷ್ಟು ಸಲೀಸಾಗಿ ಒಪ್ಪಲಾರೆ. ನಾನು ಬಟ್ಟೆ ಮತ್ತು ಆಭರಣಗಳ ಫೋಟೊ ತೆಗೆಯುವವಳು. ಕೇಳಿದವರು ನಿರ್ದಿಷ್ಟವಾಗಿ ನವಿಲುಬಣ್ಣ ಕೆಡುತ್ತಿದೆ ಎಂದಿದ್ದಾರೆ, ಅದನ್ನು ಹಾಗೆಯೇ ಬಿಟ್ಟು ಮುಂದೆ ಹೋಗಬಾರದು.

ಎಸ್‌ಆರ್‌ಜಿಬಿಯನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ್ದು ಅಂದಿನ ಗಾಜಿನ ಕೊಳವೆಯ ಮಾನಿಟರುಗಳು ಏನನ್ನು ತೋರಿಸಬಲ್ಲವೋ ಅದನ್ನು ಆಧಾರವಾಗಿಟ್ಟುಕೊಂಡು. ಮುದ್ರಣದ ಶಾಯಿ ಅದರ ಲೆಕ್ಕದಲ್ಲಿರಲಿಲ್ಲ. ಆರ್ಟ್ ಪೇಪರಿನ ಮೇಲೆ ಬೀಳುವ ಸಯಾನ್ (ತಿಳಿ ನೀಲಿ) ಶಾಯಿ, ಮತ್ತು ಅದಕ್ಕೆ ಸ್ವಲ್ಪ ಹಳದಿ ಸೇರಿದಾಗ ಬರುವ ನೀಲಿಹಸಿರು, ಇವುಗಳ ಗಾಢವಾದ ಛಾಯೆಗಳು ಎಸ್‌ಆರ್‌ಜಿಬಿಯ ಎಲ್ಲೆಯ ಹೊರಗಿವೆ. 1998ರಲ್ಲಿ ಬಂದ ಅಡೋಬಿ ಆರ್‌ಜಿಬಿ ಹಸಿರಿನ ಕಡೆಗೆ ವಿಸ್ತರಿಸಿಕೊಂಡಿದ್ದೇ ಆ ಕಾರಣಕ್ಕೆ. ಅಂದರೆ ನವಿಲುಬಣ್ಣದ ವಿಷಯದಲ್ಲಿ ಯಂತ್ರ ಮುದ್ರಿಸಬಲ್ಲ ಬಣ್ಣವನ್ನು ನಿಮ್ಮ ಪರದೆಯೇ ತೋರಿಸಲಾರದು. ತೋರದ ಬಣ್ಣವನ್ನು ತಿದ್ದುವುದಾದರೂ ಹೇಗೆ? ಇತ್ತೀಚೆಗೆ ಎಲ್ಲ ಕಡೆ ಜಾಹೀರಾತಿನಲ್ಲಿ ಕಾಣುವ "98 ಶೇಕಡಾ ಡಿಸಿಐ ಪಿ3" ಕೂಡ ಇದಕ್ಕೆ ಪೂರ್ತಿ ಪರಿಹಾರವಲ್ಲ. ಪಿ3 ಸಿನಿಮಾ ಪರದೆಗಾಗಿ ಹುಟ್ಟಿದ್ದು, ಅದು ಹೆಚ್ಚು ವಿಸ್ತರಿಸುವುದು ಕೆಂಪು ಮತ್ತು ಕಿತ್ತಳೆಯ ಕಡೆಗೆ.

ಹಾಗೆಂದು ನಾಳೆಯೇ ಬೆನ್‌ಕ್ಯೂ ಎಸ್‌ಡಬ್ಲ್ಯೂ ಸರಣಿಯದೋ ಐಜೋ ಕಲರ್‌ಎಡ್ಜ್‌ನದೋ ಕೊಳ್ಳಿ ಎನ್ನುತ್ತಿಲ್ಲ, 35 ಸಾವಿರಕ್ಕೆ ಅವು ಬರುವುದೂ ಇಲ್ಲ. ವಿಸ್ತಾರವಾದ ಬಣ್ಣದ ಪರದೆಗೆ ತನ್ನದೇ ತೊಂದರೆಯೂ ಇದೆ: ಬಣ್ಣದ ಪ್ರೊಫೈಲನ್ನು (ಸಾಧನದ ಬಣ್ಣಗಳ ವಿವರವಿರುವ ಫೈಲನ್ನು) ಗಮನಿಸದ ತಂತ್ರಾಂಶದಲ್ಲಿ ಅದು ಎಲ್ಲವನ್ನೂ ಅತಿಯಾಗಿ ರಂಗೇರಿಸಿ ತೋರಿಸುತ್ತದೆ, ಮುಖಗಳು ಬೆಂದಂತೆ ಕೆಂಪಾಗುತ್ತವೆ. ಈಗ ಎಸ್‌ಆರ್‌ಜಿಬಿ ಮಾನಿಟರ್ ಕೊಳ್ಳಿ, ಆದರೆ ನವಿಲುಬಣ್ಣ, ಗಿಳಿಹಸಿರು ಬಂದಾಗ ಪರದೆಯನ್ನು ನಂಬದೆ ಮುದ್ರಿತ ಪ್ರೂಫ್ (ಮಾದರಿ ಹಾಳೆ) ತೆಗೆಸಿ ನೋಡಿ ಎಂಬುದಷ್ಟೇ ನನ್ನ ಮಾತು.

ಕೆಂಪು ಸೆರಗಿನ ತೊಂದರೆ ಮಾನಿಟರಿಗಿಂತ ಮೊದಲೇ, ಕ್ಯಾಮೆರಾದಲ್ಲೇ ಶುರುವಾಗಿರುತ್ತದೆ. ರೇಷ್ಮೆಯ ಗಾಢ ಕೆಂಪಿನ ಮೇಲೆ ಬೆಳಕು ಬಿದ್ದಾಗ ಕೆಂಪು ಚಾನೆಲ್ ಮಾತ್ರ ತನ್ನ ಗರಿಷ್ಠವಾದ 255ಕ್ಕೆ ಮುಟ್ಟಿ ನಿಂತುಬಿಡುತ್ತದೆ. ಒಟ್ಟಾರೆ ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ಸರಿಯಾಗಿಯೇ ಕಾಣುವುದರಿಂದ ಗೊತ್ತಾಗುವುದಿಲ್ಲ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಂಡು ನೋಡಿ. ಕೆಂಪಿನ ಗೆರೆ ಬಲಗಡೆಯ ಗೋಡೆಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರ್ ಇಳಿಸಿ ಮತ್ತೆ ತೆಗೆಯಿರಿ. ಆಗ ಸೆರಗಿನ ತೆನೆ ವಿನ್ಯಾಸದ ಬಿಳಿಯ ಹಲ್ಲುಗಳ ನಡುವೆ ಕೆಂಪು ನೂಲಿನ ಒಂದೊಂದು ಹೆಣಿಗೆಯೂ ಬಿಡಿಸಿ ಕಾಣುತ್ತದೆ. ಪ್ರತಿ ಬೆಳಕಿನ ವ್ಯವಸ್ಥೆಯಲ್ಲೂ ಮೊದಲ ಚಿತ್ರದಲ್ಲಿ ಸೀರೆಯ ಮೇಲೆ 24 ಚೌಕಗಳ ಕಲರ್ ಚೆಕರ್ (ಗೊತ್ತಾದ ಬಣ್ಣಗಳ ಹಲಗೆ) ಇಟ್ಟುಕೊಳ್ಳಿ. ಅದಿಲ್ಲದೆ ಯಾವ ಮಾನಿಟರ್ ಕೊಂಡರೂ, ಚಿತ್ರದೊಳಗೇ ಇರುವ ತಪ್ಪನ್ನು ನಿಖರವಾಗಿ ತೋರಿಸುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಯಜಮಾನರು ಸೀರೆಯನ್ನೂ ಕ್ಯಾಟಲಾಗನ್ನೂ ಹೋಲಿಸುವುದು ಅಂಗಡಿಯ ದೀಪದ ಕೆಳಗೋ, ಬಾಗಿಲ ಬಳಿಯ ಹಗಲಿನಲ್ಲೋ? ಬಟ್ಟೆಯ ಬಣ್ಣ ಮತ್ತು ಮುದ್ರಣದ ಶಾಯಿ ಬೇರೆ ಬೇರೆ ರಾಸಾಯನಿಕಗಳು. ಒಂದು ಬೆಳಕಿನಲ್ಲಿ ಹೊಂದಿಕೊಂಡ ಈ ಎರಡು ಬಣ್ಣಗಳು ಮತ್ತೊಂದು ಬೆಳಕಿನಲ್ಲಿ ಬೇರ್ಪಟ್ಟು ಕಾಣಬಹುದು. ಇದನ್ನು ಯಾವ ಮಾನಿಟರೂ ಬಗೆಹರಿಸಲಾರದು, ಹಾಗಾಗಿ ಯಾವ ಬೆಳಕಿನಲ್ಲಿ ನೋಡಿ ಒಪ್ಪಬೇಕೆಂಬುದನ್ನು ಅವರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಪ್ರತಿಕ್ರಿಯೆ: ಕೆಂಪುಸೆರಗು, ಹುಬ್ಬಳ್ಳಿ

ಇಬ್ಬರಿಗೂ ಧನ್ಯವಾದಗಳು. ಲ್ಯಾಪ್‌ಟಾಪಿನ ವಿವರಪಟ್ಟಿ ನೋಡಿದೆ, 45 ಶೇಕಡಾ ಎನ್‌ಟಿಎಸ್‌ಸಿ ಎಂದೇ ಇದೆ. ಅಂಗಡಿಯಲ್ಲಿ ಹೋಲಿಕೆ ನಡೆಯುವುದು ಹಳದಿ ಬೆಳಕಿನ ಸ್ಪಾಟ್ ದೀಪಗಳ ಕೆಳಗೆ. ಮೇಡಂ ಹೇಳಿದಂತೆ ಎಸ್‌ಆರ್‌ಜಿಬಿ ಮಾನಿಟರನ್ನೇ ಕೊಂಡು, ಪ್ರೂಫನ್ನೂ ತೆಗೆಸುತ್ತೇನೆ. ಧಾರವಾಡದ ಗೆಳೆಯರೊಬ್ಬರ ಬಳಿ ಕ್ಯಾಲಿಬ್ರೇಷನ್ ಸಾಧನವಿದೆ, ಎರವಲು ಸಿಗುತ್ತದೆ. ಮಾನಿಟರ್ ಬಂದ ಮೇಲೆ ಯಾವ ಕ್ರಮದಲ್ಲಿ ಹೊಂದಿಸಬೇಕು, ಬಿಳುಪನ್ನು 6500 ಕೆಲ್ವಿನ್‌ಗೆ ಇಡಬೇಕೋ 5000ಕ್ಕೋ ಎಂಬುದನ್ನು ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ. ನನ್ನದು ವಿಂಡೋಸ್.

ಉತ್ತರ: ಬೂದುಪಟ್ಟಿ, ಪುಣೆ

ಸೆಟ್ಟಿಂಗಿನ ಭಾಗವನ್ನು ನಾನು ಬರೆಯುತ್ತೇನೆ.

ಮಾನಿಟರ್ ಬಂದ ಕೂಡಲೇ, ವಾಪಸು ಮಾಡುವ ಅವಧಿ ಮುಗಿಯುವುದರೊಳಗೆ, ಪರದೆಯನ್ನು ಪೂರ್ತಿ ಬೂದು, ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ನೋಡಿ. ನಡು ಬೂದಿನಲ್ಲಿ ಒಂದು ಅಂಚು ಗುಲಾಬಿಗೆ, ಇನ್ನೊಂದು ಅಂಚು ಹಸಿರಿಗೆ ವಾಲಿದ್ದರೆ ಯಾವ ಕ್ಯಾಲಿಬ್ರೇಷನ್ನಿಂದಲೂ ಸರಿಹೋಗುವುದಿಲ್ಲ, ಏಕೆಂದರೆ ಸಾಧನ ಅಳೆಯುವುದು ಪರದೆಯ ನಡುಭಾಗವನ್ನು ಮಾತ್ರ. ಅಂಥದ್ದನ್ನು ಹಿಂದಿರುಗಿಸಿ. ಕಪ್ಪಿನಲ್ಲಿ ಮೂಲೆಗಳು ಸ್ವಲ್ಪ ಬೆಳ್ಳಗೆ ಕಾಣುವುದು ಐಪಿಎಸ್‌ನ ಸ್ವಭಾವ, ಅದಕ್ಕೆ ಹೆದರಬೇಕಿಲ್ಲ.

ಸಂಪರ್ಕಕ್ಕೆ ಸಾಧ್ಯವಾದರೆ ಡಿಸ್‌ಪ್ಲೇಪೋರ್ಟ್ ಬಳಸಿ. ಎಚ್‌ಡಿಎಂಐ ಆದರೆ ಕಂಪ್ಯೂಟರ್ ಕೆಲವೊಮ್ಮೆ ಮಾನಿಟರನ್ನು ಟಿವಿಯೆಂದು ಭಾವಿಸಿ 0ಯಿಂದ 255ರ ಬದಲು 16ರಿಂದ 235ರ ವ್ಯಾಪ್ತಿಯಲ್ಲಿ ಸಂಕೇತ ಕಳಿಸುತ್ತದೆ. ಆಗ ಕಪ್ಪು ಬೂದಾಗಿ, ಇಡೀ ಚಿತ್ರ ತೊಳೆದಂತೆ ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲಿನಲ್ಲಿ ಔಟ್‌ಪುಟ್ ರೇಂಜ್ "ಫುಲ್" ಎಂದಿದೆಯೇ ಖಚಿತಪಡಿಸಿಕೊಳ್ಳಿ. ವಿಂಡೋಸಿನ ನೈಟ್ ಲೈಟ್, ಮಾನಿಟರಿನ ಡೈನಾಮಿಕ್ ಕಾಂಟ್ರಾಸ್ಟ್, ನೀಲಿ ಬೆಳಕು ತಡೆಯುವ ಮೋಡ್, ಕೋಣೆಯ ಬೆಳಕಿಗೆ ತಕ್ಕಂತೆ ಹೊಳಪು ಬದಲಿಸುವ ಸೆನ್ಸರ್ ಎಲ್ಲವನ್ನೂ ನಿಲ್ಲಿಸಿ.

ಮಾನಿಟರ್ ಕನಿಷ್ಠ ಅರ್ಧ ಗಂಟೆ ಉರಿದ ನಂತರ ಅಳತೆಗೆ ಕೂರಿ. ಮಾನಿಟರಿನ ಮೆನುವಿನಲ್ಲಿ ಯೂಸರ್ ಅಥವಾ ಕಸ್ಟಮ್ ಮೋಡ್ ಆರಿಸಿ. ಕೆಲವು ಮಾನಿಟರುಗಳಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿದರೆ ಹೊಳಪಿನ ಗುಂಡಿಯೇ ಕೆಲಸ ಮಾಡುವುದಿಲ್ಲ. ಮೊದಲು ಮಾನಿಟರಿನ ಗುಂಡಿಗಳಿಂದಲೇ ಹೊಳಪನ್ನು 100 ನಿಟ್ಸ್ ಹತ್ತಿರಕ್ಕೆ ತಂದು, ಕೆಂಪು, ಹಸಿರು, ನೀಲಿಯ ಗೇನ್ (ಪ್ರಮಾಣ) ಬದಲಿಸಿ ಬಿಳುಪನ್ನು ಗುರಿಗೆ ಹತ್ತಿರ ತನ್ನಿ. ಕಾಂಟ್ರಾಸ್ಟ್ ಮುಟ್ಟಬೇಡಿ. ಇಷ್ಟನ್ನು ಮಾನಿಟರಿನಲ್ಲೇ ಮಾಡದೆ ಎಲ್ಲವನ್ನೂ ತಂತ್ರಾಂಶಕ್ಕೆ ಬಿಟ್ಟರೆ, ಅದು ಗ್ರಾಫಿಕ್ಸ್ ಕಾರ್ಡಿನ 256 ಮೆಟ್ಟಿಲುಗಳಲ್ಲಿ ಕೆಲವನ್ನು ಕಳೆದೇ ಸರಿಪಡಿಸಬೇಕಾಗುತ್ತದೆ. ಆಗ ಆಕಾಶ ಅಥವಾ ನುಣುಪಾದ ಹಿನ್ನೆಲೆಯಲ್ಲಿ ಪಟ್ಟಿ ಪಟ್ಟಿಯಾಗಿ ಗೆರೆಗಳು ಮೂಡುತ್ತವೆ.

ಬಿಳುಪು ಡಿ65 (ಅಂದರೆ ಸುಮಾರು 6500 ಕೆಲ್ವಿನ್), ಗಾಮಾ (ನಡು ಛಾಯೆಗಳ ಬೆಳಕಿನ ಏರಿಳಿತ) 2.2 ಎಂದು ಆರಂಭಿಸಿ. ಮುದ್ರಣೋದ್ಯಮದಲ್ಲಿ ಹಾಳೆಯನ್ನು ನೋಡುವ ಬೆಳಕು ಡಿ50 (ಸುಮಾರು 5000 ಕೆಲ್ವಿನ್) ಎಂದು ಐಎಸ್ಒ 3664 ಮಾನದಂಡ ಹೇಳುವುದು ನಿಜ. ಆದರೆ ನಿಮ್ಮ ಕೋಣೆಯಲ್ಲಿ ಅಂಥ ದೀಪ ಇಲ್ಲದಿರುವಾಗ ಪರದೆಯನ್ನು ಮಾತ್ರ 5000 ಕೆಲ್ವಿನ್‌ಗೆ ಇಳಿಸಿದರೆ ಅದು ಹಳದಿಯಾಗಿ ಕಾಣುತ್ತದೆಯೇ ಹೊರತು ಹೊಂದಾಣಿಕೆಯಾಗುವುದಿಲ್ಲ. ಮುಂದೆ 5000 ಕೆಲ್ವಿನ್‌ನ, ಸಿಆರ್‌ಐ (ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬ ಅಂಕ) 90ಕ್ಕಿಂತ ಹೆಚ್ಚಿರುವ ದೀಪವೊಂದನ್ನು ಮೇಜಿಗೆ ಹಾಕಿಸಿಕೊಂಡಾಗ, ಅದರ ಕೆಳಗಿನ ಕಾಗದಕ್ಕೆ ಹೋಲಿಸಿ ಪರದೆ ನೀಲಿಯೆನಿಸಿದರೆ 5800ರ ಸುಮಾರಿಗೆ ಇಳಿಸಿ ನೋಡಬಹುದು.

ತಂತ್ರಾಂಶಕ್ಕೆ ಸಾಧನದ ಜೊತೆಗೆ ಬಂದದ್ದನ್ನೇ ಬಳಸಬಹುದು. ಉಚಿತವಾದ ಡಿಸ್‌ಪ್ಲೇಕ್ಯಾಲ್ ನನಗೆ ಹೆಚ್ಚು ಇಷ್ಟ. ಅದು ಆರ್ಗಿಲ್ ಸಿಎಂಎಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಮೂಲ ಆವೃತ್ತಿಯ ಬೆಳವಣಿಗೆ ನಿಂತಿದ್ದು, ಪೈಥಾನ್ 3ಕ್ಕೆ ಹೊಂದಿಸಿದ ಆವೃತ್ತಿಯನ್ನು ಬೇರೆಯವರು ನಡೆಸುತ್ತಿದ್ದಾರೆ, ಅದನ್ನೇ ಇಳಿಸಿಕೊಳ್ಳಿ. ಅಳತೆಗೆ ಮುನ್ನ ಹಿಂಬದಿ ಬೆಳಕಿನ ಬಗೆಯನ್ನು ಸರಿಯಾಗಿ ಆರಿಸಬೇಕು, ನಿಮ್ಮಂಥ ಎಸ್‌ಆರ್‌ಜಿಬಿ ಮಾನಿಟರಿಗೆ ಸಾಮಾನ್ಯವಾಗಿ "ವೈಟ್ ಎಲ್‌ಇಡಿ". ಇದು ತಪ್ಪಿದರೆ ಸಾಧನ ಎಲ್ಲವೂ ಸರಿಯಿದೆ ಎಂದರೂ ಬಿಳುಪು ಹಸಿರಾಗಿಯೋ ಗುಲಾಬಿಯಾಗಿಯೋ ಉಳಿಯುತ್ತದೆ. ಪ್ರೊಫೈಲ್ ಸಿದ್ಧವಾದ ಮೇಲೆ ವೆರಿಫೈ ಮಾಡಿ. ಸರಾಸರಿ ಡೆಲ್ಟಾ ಇ 1ರ ಒಳಗೆ, ಅತಿ ಹೆಚ್ಚಿನದು 3ರ ಒಳಗೆ ಬಂದರೆ ಈ ದರ್ಜೆಯ ಮಾನಿಟರಿಗೆ ಒಳ್ಳೆಯ ಫಲಿತಾಂಶ. ಲ್ಯಾಪ್‌ಟಾಪಿನ ಪರದೆಗೂ ಬೇಕಾದರೆ ಪ್ರೊಫೈಲ್ ಮಾಡಿಕೊಳ್ಳಿ, ಆದರೆ ಒಂದು ಪರದೆಗೆ ಮಾಡಿದ್ದನ್ನು ಇನ್ನೊಂದಕ್ಕೆ ಹಾಕಬೇಡಿ, ಗೆಳೆಯರ ಪ್ರೊಫೈಲ್ ಫೈಲನ್ನು ತಂದು ಹಾಕುವುದಂತೂ ಬೇಡವೇ ಬೇಡ.

ಕೋಣೆಯ ಬಗ್ಗೆ: ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿ, ಇಲ್ಲವಾದರೆ ಸಂಜೆ ನಾಲ್ಕರ ನಂತರ ಬಣ್ಣ ತಿದ್ದುವ ಕೆಲಸ ಇಟ್ಟುಕೊಳ್ಳಬೇಡಿ. ಮಾನಿಟರನ್ನು ಕಿಟಕಿಗೆ ಎದುರಾಗಿಯೂ ಇಡಬೇಡಿ, ಬೆನ್ನಾಗಿಯೂ ಇಡಬೇಡಿ, ಕಿಟಕಿ ಪಕ್ಕಕ್ಕೆ ಬರಲಿ. ಇಡೀ ಕೋಣೆಗೆ ಬಣ್ಣ ಬಳಿಸುವ ಅಗತ್ಯವಿಲ್ಲ, ಮಾನಿಟರಿನ ಹಿಂದೆ ಕಣ್ಣಿಗೆ ಬೀಳುವ ಗೋಡೆಯನ್ನಷ್ಟೇ ತಿಳಿ ಬೂದು ಮಾಡಿಸಿ.

ವಾಟ್ಸ್ಆ್ಯಪ್ ಚಿತ್ರಗಳನ್ನು ಕಳಿಸುವ ಮುನ್ನ ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಉಳಿಸಿ. ಗಿರಾಕಿಯ ಫೋನಿನಲ್ಲಿ ವಿವಿಡ್ ಮೋಡ್ ಇದ್ದರೆ ಬಣ್ಣ ಹೇಗೂ ಏರುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ.

ಉತ್ತರ: ಅಚ್ಚುಮನೆ, ಬೆಂಗಳೂರು

ಮೈಸೂರಿನವರ ಆಕ್ಷೇಪಣೆ ಸರಿಯಾದದ್ದೇ. ಆರ್ಟ್ ಪೇಪರಿಗೆ ಅದು ಅನ್ವಯಿಸುತ್ತದೆ, ಮ್ಯಾಪ್‌ಲಿಥೋ, ಅಂದರೆ ಲೇಪನವಿಲ್ಲದ ಕಾಗದದಲ್ಲಿ ಮುದ್ರಿಸುವವರಿಗೆ ಅಷ್ಟಾಗಿ ಅನ್ವಯಿಸದು, ಏಕೆಂದರೆ ಅಲ್ಲಿ ಶಾಯಿ ಹೀರಿಕೊಂಡು ಆ ಗಾಢತೆಯೇ ಉಳಿಯುವುದಿಲ್ಲ.

ಮಾನಿಟರ್ ಹೊಂದಿಸಿದ ಮೇಲೆ ಒಂದು ಹೆಜ್ಜೆ ಉಳಿಯುತ್ತದೆ, ಅದೇ ಸಾಫ್ಟ್ ಪ್ರೂಫ್, ಅಂದರೆ ಮುದ್ರಣ ಹೇಗೆ ಬರುತ್ತದೆಂದು ಪರದೆಯಲ್ಲೇ ನೋಡುವುದು. ನಿಮ್ಮ ಪ್ರೆಸ್‌ನವರು ಯಾವ ಐಸಿಸಿ ಪ್ರೊಫೈಲ್ (ಮುದ್ರಣದ ಬಣ್ಣಗಳ ವಿವರದ ಫೈಲ್) ಬಳಸುತ್ತಾರೆಂದು ಕೇಳಿ. ಉತ್ತರ ಬಾರದಿದ್ದರೆ ಆರ್ಟ್ ಪೇಪರಿಗೆ ಫೋಗ್ರಾ39 ಎಂಬ ಪ್ರೊಫೈಲ್ ಇಟ್ಟುಕೊಂಡು ಹೊರಡಿ. ಫೋಟೊಶಾಪಿನ ಪ್ರೂಫ್ ಸೆಟಪ್‌ನಲ್ಲಿ ಅದನ್ನು ಆರಿಸಿ, "ಸಿಮ್ಯುಲೇಟ್ ಪೇಪರ್ ಕಲರ್" ಗುರುತು ಹಾಕಿದರೆ ಪರದೆಯ ಮೇಲೆ ಚಿತ್ರ ಇದ್ದಕ್ಕಿದ್ದಂತೆ ಕಳೆಗುಂದುತ್ತದೆ. ಮುದ್ರಣದಲ್ಲಿ ಬರುವುದು ಹೆಚ್ಚು ಕಡಿಮೆ ಆ ಚಿತ್ರವೇ. ಯಜಮಾನರಿಗೆ ತೋರಿಸಬೇಕಾದದ್ದೂ ಅದನ್ನೇ, ಅದಕ್ಕೆ ಮುಂಚಿನ ಬೆಳಗುವ ಚಿತ್ರವನ್ನಲ್ಲ. ಕಂಟ್ರೋಲ್, ಶಿಫ್ಟ್, ವೈ ಒಟ್ಟಿಗೆ ಒತ್ತಿದರೆ ಮುದ್ರಣಕ್ಕೆ ನಿಲುಕದ ಬಣ್ಣಗಳು ಬೂದಾಗಿ ಕಾಣುತ್ತವೆ, ಖಣದ ಕಡು ನೀಲಿ, ನೇರಳೆಗಳಲ್ಲಿ ಇದು ಹೆಚ್ಚು. ಜರಿಗೆ ಮಾತ್ರ ಇದಾವುದೂ ಉಪಯೋಗವಿಲ್ಲ. ನಾಲ್ಕು ಶಾಯಿಯಲ್ಲಿ ಚಿನ್ನದ ಹೊಳಪು ಬರುವುದಿಲ್ಲ, ಬೇಕೆಂದರೆ ಐದನೆಯದಾಗಿ ಚಿನ್ನದ ಶಾಯಿಗೆ ಹಣ ಕೊಡಬೇಕು.

ಅಂತಿಮ ಪ್ರೂಫನ್ನು ಹಳದಿ ಸ್ಪಾಟ್ ದೀಪದ ಕೆಳಗೆ ತೋರಿಸಬೇಡಿ. ಅಂಗಡಿಯ ಬಾಗಿಲಿಗೆ ತಂದು, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ಸೀರೆಯೊಂದಿಗೆ ಇಟ್ಟು ತೋರಿಸಿ. ಯಜಮಾನರು ಒಪ್ಪಿದರೆ ಅದೇ ಹಾಳೆಯ ಮೇಲೆ ಸಹಿ ಹಾಕಿಸಿಕೊಂಡು, ಮುದ್ರಣದ ದಿನ ಮೆಷಿನ್ ಆಪರೇಟರ್ ಕೈಗೆ ಕೊಡಿ.